ಬಸ್ಸೋ, ಸ್ವಂತ ಗಾಡಿಯೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಮೈಸೂರು–ಮಂಡ್ಯ ನಡುವೆ ದಿನವೂ ಓಡಾಡುವವರಿಂದ, ಮೈಸೂರಿನೊಳಗೇ ಕೆಲಸಕ್ಕೆ ಹೋಗಿ ಬರುವವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ. ಲೆಕ್ಕಕ್ಕೆ ಪೆಟ್ರೋಲನ್ನು ಲೀಟರಿಗೆ 103 ರೂಪಾಯಿ, ತಿಂಗಳಿಗೆ 25 ಕೆಲಸದ ದಿನ ಎಂದು ಹಿಡಿದಿದ್ದೇವೆ. ನಿಮ್ಮ ಬಂಕಿನ ದರವೋ ರಜೆಯೋ ಬೇರೆಯಾಗಿದ್ದರೆ ಅದಕ್ಕೆ ತಕ್ಕಂತೆ ಗುಣಿಸಿಕೊಳ್ಳಿ.

ಪ್ರಶ್ನೆ: ಮಂಡ್ಯದ ಅಶೋಕನಗರದಲ್ಲಿ ಮನೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಹೈವೇ ಮೇಲೆ ಬಿಡೋದಿಲ್ಲ, ಸರ್ವಿಸ್ ರಸ್ತೆಯೇ ಗತಿ. "ಬಸ್ಸಲ್ಲಿ ಹೋಗಿ ಅಂದ್ರೆ ಕೇಳಲ್ಲ" ಅಂತ ಮನೆಯಲ್ಲಿ ದಿನಾ ಒಂದೇ ರಾಗ. ಬಸ್ಸಿಗೆ ಬದಲಾದರೆ ದುಡ್ಡು ಉಳಿಯುತ್ತಾ? ಟೈಮ್ ಎಷ್ಟು ಹೋಗುತ್ತೆ?

ಉತ್ತರ: ದುಡ್ಡಿನ ಮಾತು ಮೊದಲು. ಹೋಗಿ ಬರಲು ಹೆಚ್ಚುಕಡಿಮೆ 90 ಕಿ.ಮೀ. ಸ್ಕೂಟರ್ ಲೀಟರಿಗೆ 45 ಕೊಟ್ಟರೆ ದಿನಕ್ಕೆ 2 ಲೀಟರ್, 206 ರೂಪಾಯಿ. ಎಲ್ಲರೂ ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ, ತಪ್ಪುವುದೂ ಇಲ್ಲೇ. ನಿಮ್ಮ ಗಾಡಿ ತಿಂಗಳಿಗೆ 2,250 ಕಿ.ಮೀ. ಓಡುತ್ತಿದೆ, ವರ್ಷಕ್ಕೆ 27,000. ಊರೊಳಗೆ ಓಡಿಸುವವರಿಗೆ ಮೂರು ನಾಲ್ಕು ವರ್ಷಕ್ಕೆ ಬರುವ ಖರ್ಚು ನಿಮಗೆ ಒಂದೇ ವರ್ಷದಲ್ಲಿ ಬರುತ್ತದೆ. 3,000 ಕಿ.ಮೀ.ಗೆ ಆಯಿಲ್ ಬದಲಿಸುವುದಾದರೆ ಆರು ವಾರಕ್ಕೊಂದು ಸರ್ವಿಸ್. ಹಿಂದಿನ ಟೈರು, ಡ್ರೈವ್ ಬೆಲ್ಟು, ಅದರ ಜೊತೆಗಿನ ರೋಲರುಗಳು ವರ್ಷದೊಳಗೆ ಅಥವಾ ವರ್ಷದ ಆಸುಪಾಸಿನಲ್ಲಿ ಸವೆಯುತ್ತವೆ. ಬ್ರೇಕ್ ಶೂ, ಬಲ್ಬು, ಪಂಕ್ಚರ್, ಇನ್ಶೂರೆನ್ಸ್ ಎಲ್ಲ ಸೇರಿಸಿ ಕಿ.ಮೀ.ಗೆ ಒಂದು ರೂಪಾಯಿ ಇಡಿ, ಜಾಸ್ತಿಯೇನಲ್ಲ. ಅಲ್ಲಿಗೆ ದಿನಕ್ಕೆ 296, ತಿಂಗಳಿಗೆ 7,400. ಇನ್ನು ಬಸ್ಸಿನ ಕಡೆ: ಮಂಡ್ಯ–ಮೈಸೂರು ಟಿಕೆಟ್ ಎರಡು, ಮೈಸೂರಿನೊಳಗಿನ ಸಿಟಿ ಬಸ್ ಟಿಕೆಟ್ ಎರಡು, ಮನೆಯಿಂದ ಬಸ್ ಸ್ಟ್ಯಾಂಡಿಗೆ ಆಟೋ ಹಿಡಿದರೆ ಅದೂ. ಸಾಮಾನ್ಯ ಅಥವಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇದು ಅಷ್ಟಕ್ಕೆ ಬಹಳ ಕೆಳಗೇ ನಿಲ್ಲುತ್ತದೆ. ಮಾಸಿಕ ಪಾಸ್ ಮಾಡಿಸಿದರೆ ಇನ್ನೂ ಇಳಿಯುತ್ತದೆ. ಆದರೆ ಎರಡೂ ಕಡೆ ಆಟೋ ಹಿಡಿದರೆ ಉಳಿಸಿದ್ದೆಲ್ಲ ಆಟೋಗೇ ಹೋಗುತ್ತದೆ.

ಟೈಮಿನ ವಿಷಯ ಬೇರೆ. ಬಸ್ಸಿನಲ್ಲಿ ಓಡಾಡುವವರ ಹೊತ್ತು ಹೈವೇ ಮೇಲೆ ಹಾಳಾಗುವುದಿಲ್ಲ, ಎರಡು ತುದಿಯಲ್ಲಿ ಹಾಳಾಗುತ್ತದೆ. ಮಂಡ್ಯ ಸ್ಟ್ಯಾಂಡಿನಿಂದ ಮೈಸೂರು ಸಬರ್ಬನ್ ಸ್ಟ್ಯಾಂಡಿಗೆ ಸುಮಾರು ಒಂದು ಗಂಟೆ. ನೀವು ಹೋಗಬೇಕಾದ ಹೆಬ್ಬಾಳ ಇರುವುದು ಊರಿನ ವಾಯವ್ಯಕ್ಕೆ. ಬಸ್ಸು ನಿಮ್ಮನ್ನು ಊರಿನ ನಡುಮಧ್ಯಕ್ಕೆ ಒಯ್ದು ಇಳಿಸುತ್ತದೆ. ಅಲ್ಲಿಂದ ಸಿಟಿ ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷ ನಡೆದು, ಬಸ್ಸಿಗೆ ಕಾದು, ಏಳೆಂಟು ಕಿ.ಮೀ. ಮತ್ತೆ ಹೊರಕ್ಕೆ ಬರಬೇಕು. ಈ ಕೊನೆಯ ತುಂಡಿಗೇ ಮುಕ್ಕಾಲು ಗಂಟೆ ಹಿಡಿಯಬಹುದು. ಅದಕ್ಕೆ ಮೂರು ದಾರಿಗಳಿವೆ. ಒಂದು, ನಿಲ್ಲಿಸಿಕೊಂಡು ಹೋಗುವ ಬಸ್ ಹಿಡಿದು, ಊರಿಗೆ ಮುಂಚೆಯೇ ರಿಂಗ್ ರಸ್ತೆ ಕೂಡುವ ಜಂಕ್ಷನ್ನಿನಲ್ಲಿ ಇಳಿಯುವುದು. ನಾನ್‌ಸ್ಟಾಪ್ ಹತ್ತಿದರೆ ಇದು ನಡೆಯದು, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಅಲ್ಲಿಂದ ರಿಂಗ್ ರಸ್ತೆಯಲ್ಲಿ ಹೋಗುವ ಸಹೋದ್ಯೋಗಿ ಯಾರಾದರೂ ಸಿಕ್ಕರೆ, ಅಥವಾ ನಿಮ್ಮ ಫ್ಯಾಕ್ಟರಿ ವ್ಯಾನು ಆ ಕಡೆ ಬರುವುದಾದರೆ ಅರ್ಧ ಸಮಸ್ಯೆ ಮುಗಿಯಿತು. ಎರಡು, ರೈಲು. ಮೈಸೂರು ಸ್ಟೇಷನ್ನಿನಿಂದ ಕೆಆರ್‌ಎಸ್ ರಸ್ತೆ ಹಿಡಿದರೆ ಹೆಬ್ಬಾಳಕ್ಕೆ ಸಬರ್ಬನ್ ಸ್ಟ್ಯಾಂಡಿಗಿಂತ ಹತ್ತಿರ, ಸೀಸನ್ ಟಿಕೆಟ್ ಬಸ್ಸಿಗಿಂತ ಅಗ್ಗ. ಶಿಫ್ಟಿನ ಟೈಮಿಗೆ ರೈಲು ಹೊಂದಬೇಕು, ಅಷ್ಟೇ ಕಷ್ಟ. ಜನರಲ್ ಶಿಫ್ಟಿನವರಿಗೆ ಹೊಂದುವುದುಂಟು, ರಾತ್ರಿ ಪಾಳಿಯವರಿಗೆ ಕಷ್ಟ. ಮೂರನೆಯದು ನಮಗೆ ಎಲ್ಲಕ್ಕಿಂತ ಮೇಲೆಂದು ಕಾಣುವುದು: ಒಂದು ಹಳೆಯ ಸ್ಕೂಟರನ್ನೋ ಸೈಕಲನ್ನೋ ಮೈಸೂರು ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ತಿಂಗಳ ಲೆಕ್ಕಕ್ಕೆ ಬಿಡುವುದು. ದೊಡ್ಡ ದೂರ ರೈಲಿನಲ್ಲಿ, ಕೊನೆಯ ಆರು ಕಿ.ಮೀ. ನಿಮ್ಮ ಗಾಡಿಯಲ್ಲಿ. ಗಾಡಿಗೆ ಹ್ಯಾಂಡಲ್ ಲಾಕ್ ಜೊತೆಗೆ ಚಕ್ರಕ್ಕೊಂದು ಚೈನೂ ಹಾಕಿ. ಶನಿವಾರ ರಾತ್ರಿಯಿಂದ ಸೋಮವಾರದವರೆಗೆ ಗಾಡಿ ಅಲ್ಲೇ ನಿಲ್ಲುತ್ತದೆ ಎಂಬುದು ನೆನಪಿರಲಿ.

ಇನ್ನು ಮನೆಯವರ ರಾಗದ ಬಗ್ಗೆ. ಆ ಮಾತಿನಲ್ಲಿ ಅರ್ಥವಿದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹೀಗಾಗಿ ನೀವೂ ಟ್ರ್ಯಾಕ್ಟರೂ ಒಂದೇ ಸರ್ವಿಸ್ ರಸ್ತೆಯಲ್ಲಿ. ಕಬ್ಬು ಅರೆಯುವ ಕಾಲದಲ್ಲಿ ಸಂಜೆ ಆರೂವರೆಯ ಮೇಲೆ ಆ ರಸ್ತೆ ನೋಡಿ: ಲೋಡಾದ ಟ್ರೇಲರಿನ ಹಿಂದೆ ಕಬ್ಬಿನ ತುದಿಗಳು ಎರಡು ಮೂರು ಅಡಿ ಚಾಚಿಕೊಂಡಿರುತ್ತವೆ, ಹಿಂದಿನ ದೀಪ ಇದ್ದರೂ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆದಾಗ ಟ್ರೇಲರ್ ಇದೆಯೆಂದು ಗೊತ್ತಾಗುವುದು ಹತ್ತಡಿ ಹತ್ತಿರ ಬಂದಮೇಲೆ. ಬೇರೇನೂ ಬದಲಿಸಲು ಆಗದಿದ್ದರೂ ಆ ತಿಂಗಳುಗಳಲ್ಲಿ, ಮಳೆಗಾಲದಲ್ಲಿ ಮತ್ತು ಕತ್ತಲಾದಮೇಲೆ ಬರುವ ಪಾಳಿಯಲ್ಲಿ ಬಸ್ಸನ್ನೋ ರೈಲನ್ನೋ ಹಿಡಿಯಿರಿ.

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ಮನೆ, ಮಂಡ್ಯದ ಸರ್ಕಾರಿ ಕಚೇರಿಯಲ್ಲಿ ಕೆಲಸ. ಕಾರಿದೆ. ಬಸ್ಸು ಹೆಂಗಸರಿಗೆ ಫ್ರೀ ಇರುವಾಗ ಕಾರೇಕೆ ಅಂತಾರೆ ಎಲ್ಲರೂ. ಆದರೆ ಹೋದ ತಿಂಗಳು ಒಂದು ಬಸ್ಸಿನಲ್ಲಿ ಆಧಾರ್ ತೋರಿಸಿದರೂ ಟಿಕೆಟ್ ತಗೊಳ್ಳಲೇಬೇಕೆಂದರು. ಯಾವುದರಲ್ಲಿ ಫ್ರೀ, ಯಾವುದರಲ್ಲಿ ಇಲ್ಲ? ಬಿಸಿಲು, ಬೆನ್ನುನೋವು ಇವಕ್ಕೇನು ಮಾಡೋದು?

ಉತ್ತರ: ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ರಾಜ್ಯದೊಳಗೆ ಓಡುವ ಸಾಮಾನ್ಯ, ನಗರ ಸಾರಿಗೆ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಅನ್ವಯ. ರಾಜಹಂಸ, ಐರಾವತದಂಥ ಐಷಾರಾಮಿ ಮತ್ತು ಎಸಿ ಬಸ್ಸುಗಳಿಗಿಲ್ಲ. ಬಹಳ ಜನ ಎಡವುವ ಜಾಗ ಇನ್ನೊಂದಿದೆ: ಅಂತರರಾಜ್ಯ ಬಸ್ಸು. ಊಟಿಯಿಂದಲೋ ಕೇರಳದಿಂದಲೋ ಮೈಸೂರಿನ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸು ನೋಡಲು ನಮ್ಮ ಕೆಂಪು ಬಸ್ಸಿನಂತೆಯೇ ಇರಬಹುದು. ನೀವು ಹತ್ತಿ ಇಳಿಯುವುದು ಕರ್ನಾಟಕದೊಳಗೇ ಆದರೂ ಅದರಲ್ಲಿ ಉಚಿತವಿಲ್ಲ. ನಿಮಗೆ ಆದದ್ದು ಇದೇ ಇರಬೇಕು. ಬೋರ್ಡಿನಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ಪೂರ್ತಿ ಓದಿ ಹತ್ತಿ. ಉಚಿತವಾದರೂ ಕಂಡಕ್ಟರ್ ಕೊಡುವ ಶೂನ್ಯ ಟಿಕೆಟನ್ನು ಕೇಳಿ ಪಡೆದು, ಇಳಿಯುವ ತನಕ ಇಟ್ಟುಕೊಳ್ಳಿ. ಚೆಕಿಂಗಿನವರು ಹತ್ತಿದಾಗ ಕೇಳುವುದು ಆಧಾರಲ್ಲ, ಟಿಕೆಟು. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಮದುವೆಯಾಗಿ ಬೇರೆ ರಾಜ್ಯದಿಂದ ಬಂದವರ ಆಧಾರಿನಲ್ಲಿ ತವರಿನ ವಿಳಾಸವೇ ಉಳಿದಿದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಿ.

ಇನ್ನೊಂದು ಎಚ್ಚರಿಕೆ ಬೈಪಾಸಿನದು. ಹೊಸ ಹೆದ್ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರುಗಳ ಹೊರಗಿನಿಂದ ಹೋಗುತ್ತದೆ. ಬೆಂಗಳೂರಿಗೆ ಹೋಗುವ ಎಲ್ಲ ಬಸ್ಸೂ ಮಂಡ್ಯದೊಳಕ್ಕೆ ಬರುತ್ತದೆ ಎಂಬುದು ಹಳೆಯ ಕಾಲದ ಮಾತು. ನಾನ್‌ಸ್ಟಾಪ್ ಹತ್ತಿ ಕೂತು, ಗಣಂಗೂರು ಟೋಲ್ ದಾಟಿದಮೇಲೆ "ಮಂಡ್ಯ ಸ್ಟಾಪ್ ಇಲ್ಲ" ಅಂತ ಗೊತ್ತಾದರೆ ಮಾಡುವುದೇನೂ ಉಳಿಯುವುದಿಲ್ಲ. ಸಬರ್ಬನ್ ಸ್ಟ್ಯಾಂಡಿನಲ್ಲಿ ಮಂಡ್ಯಕ್ಕೇ ಅಂತ ಹೊರಡುವ ಷಟಲ್ ಹಿಡಿಯಿರಿ. ಬಸ್ಸು ಅಲ್ಲೇ ಹುಟ್ಟುವುದರಿಂದ ಸೀಟೂ ಸಿಗುತ್ತದೆ. ಸಂಜೆ ಬರುವಾಗಲೂ ಇದೇ ಸೂತ್ರ. ಬೆಂಗಳೂರಿನಿಂದ ಬರುವ ಬಸ್ಸು ಮಂಡ್ಯ ಸೇರುವಷ್ಟರಲ್ಲಿ ತುಂಬಿರುತ್ತದೆ. ಕಿಟಕಿಯಿಂದ ಕರ್ಚೀಫು, ಟಿಫನ್ ಬ್ಯಾಗು, ಒಮ್ಮೊಮ್ಮೆ ಮಗುವನ್ನೇ ಒಳಕ್ಕೆ ದಾಟಿಸಿ ಸೀಟು ಹಿಡಿಯುವ ಪೈಪೋಟಿಗೆ ಇಳಿಯುವ ಬದಲು, ಮಂಡ್ಯದಿಂದಲೇ ಹೊರಡುವ ಬಸ್ಸಿಗೆ ಹತ್ತು ನಿಮಿಷ ಕಾಯುವುದು ಮೇಲು. ಸೋಮವಾರ ಬೆಳಗ್ಗೆ, ಶನಿವಾರ ಸಂಜೆ, ಅಮಾವಾಸ್ಯೆಯ ಹಿಂದುಮುಂದು, ಹಬ್ಬದ ಮುನ್ನಾದಿನ ನಿಂತೇ ಹೋಗಬೇಕಾಗುತ್ತದೆಂದು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಬೆನ್ನುನೋವಿದ್ದರೆ ಆ ದಿನಗಳಿಗೆ ಕಾರನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಸೀಟಿನ ವಿಷಯ. ಹಿಂದಿನ ಚಕ್ರದ ಮೇಲಿನ ಮತ್ತು ಅದರ ಹಿಂದಿನ ಸೀಟುಗಳಲ್ಲಿ ಹಂಪಿನ ಏಟು ನೇರ ಬೆನ್ನುಮೂಳೆಗೆ ಬರುತ್ತದೆ. ಹಿಂದಿನ ಚಕ್ರದಾಚೆ ಚಾಚಿಕೊಂಡ ಭಾಗ ಮೇಲೆ ಎತ್ತಿ ಕೆಳಗೆ ಒಗೆಯುವುದೇ ಕಾರಣ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಮೂರನೆಯಿಂದ ಆರನೆಯ ಸಾಲಿನಲ್ಲಿ ಕುಲುಕಾಟ ಕಡಿಮೆ. ವಾಂತಿ ಬರುವವರಿಗೂ ಅದೇ ಜಾಗ, ಕಿಟಕಿ ಪಕ್ಕ, ಮೊಬೈಲ್ ಒಳಗಿಟ್ಟು.

ಬಿಸಿಲಿಗೆ ಒಂದು ಸುಲಭದ ಲೆಕ್ಕವಿದೆ. ಮೈಸೂರಿನಿಂದ ಮಂಡ್ಯ ಈಶಾನ್ಯ ದಿಕ್ಕಿಗೆ. ಬೆಳಗ್ಗೆ ನೀವು ಹೊರಟಾಗ ಸೂರ್ಯ ಮುಂದೆ ಬಲಕ್ಕೆ. ಸಂಜೆ ವಾಪಸು ಬರುವಾಗ ನೈರುತ್ಯಕ್ಕೆ ಮುಖ, ಸೂರ್ಯ ಮತ್ತೆ ಮುಂದೆ ಬಲಕ್ಕೇ. ಆದ್ದರಿಂದ ಎರಡು ಹೊತ್ತೂ ಎಡಗಡೆ, ಅಂದರೆ ಬಾಗಿಲಿರುವ ಕಡೆ ಕೂತರೆ ನೆರಳು. ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಬರುವವರಿಗೆ ಇದು ಪೂರ್ತಿ ಉಲ್ಟಾ: ಎರಡು ಹೊತ್ತೂ ಬಿಸಿಲು ಎಡಗಡೆ ಹಿಂದಿನಿಂದ, ಅವರು ಡ್ರೈವರಿರುವ ಬಲಸಾಲು ಹಿಡಿಯಬೇಕು. ಕಾರು ಓಡಿಸುವ ಮೈಸೂರಿನವರಿಗೆ ಇದರಲ್ಲೊಂದು ಪಾಡಿದೆ. ಹೋಗುವಾಗಲೂ ಬರುವಾಗಲೂ ಬಿಸಿಲು ಕಣ್ಣಿಗೇ. ಮುಂದಿನ ಗಾಜಿನ ಒಳಮೈಯಲ್ಲಿ ಕೂತ ಧೂಳನ್ನು ವಾರಕ್ಕೊಮ್ಮೆ ಒರೆಸದಿದ್ದರೆ ಸಂಜೆ ಐದೂವರೆಗೆ ಎದುರಿನ ರಸ್ತೆ ಬರಿ ಬೆಳ್ಳಗೆ ಕಾಣುತ್ತದೆ.

ಪ್ರಶ್ನೆ: ಮೈಸೂರಿನ ರಾಮಕೃಷ್ಣನಗರದಿಂದ ದೇವರಾಜ ಅರಸು ರಸ್ತೆಯ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ. ಬೈಕು ಬಿಟ್ಟು ಸಿಟಿ ಬಸ್ಸಿಗೆ ಬದಲಾಗಬೇಕಾ?

ಉತ್ತರ: ಇಷ್ಟು ಹತ್ತಿರದ ದೂರಕ್ಕೆ ಬೈಕಿನಷ್ಟು ಬೇಗ ಬಸ್ಸು ಮುಟ್ಟಿಸುವುದಿಲ್ಲ, ಅದನ್ನು ಮುಚ್ಚಿಡುವುದೇಕೆ? ಅರ್ಧ ಗಂಟೆಗೊಂದು ಬಸ್ಸಿದ್ದರೆ ಸರಾಸರಿ ಕಾಯುವುದೇ ಕಾಲು ಗಂಟೆ, ಅಷ್ಟರಲ್ಲಿ ಬೈಕು ಮುಟ್ಟಿರುತ್ತದೆ. ಬಸ್ಸಿನ ಪರವಾಗಿ ಇರುವುದು ಎರಡೇ. ಅರಸು ರಸ್ತೆಯಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಗಾಡಿ ನಿಲ್ಲಿಸಲು ಜಾಗ ಹುಡುಕುವ ಕಾಟವಿಲ್ಲ. ಮತ್ತೆ, ನೀವು ಹೋಗುವುದು ಊರಿನ ಮಧ್ಯಕ್ಕೆ. ಮೈಸೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಬಡಾವಣೆಗಳಿಂದ ಹೊರಟು ಅರಮನೆ ಬಳಿಯ ಸಿಟಿ ಸ್ಟ್ಯಾಂಡಿಗೇ ಬಂದು ಸೇರುವುದರಿಂದ ನಿಮಗೆ ಒಂದೇ ಬಸ್ಸು ಸಾಕು. ಇದೇ ರಾಮಕೃಷ್ಣನಗರದಿಂದ ಮೇಟಗಳ್ಳಿಗೋ ಹೂಟಗಳ್ಳಿಗೋ ಹೋಗುವವರು ಕೇಳಿದ್ದರೆ "ಬೇಡ" ಅನ್ನುತ್ತಿದ್ದೆವು. ಅವರು ಸುಮ್ಮನೆ ಊರೊಳಕ್ಕೆ ಬಂದು ಬಸ್ ಬದಲಿಸಿ ಮತ್ತೆ ಹೊರಕ್ಕೆ ಹೋಗಬೇಕು. ಒಂದು ವಾರ ನೀವು ಹತ್ತುವ ಸ್ಟಾಪಿನಲ್ಲಿ ಬಸ್ಸು ಬಂದ ಟೈಮನ್ನು ಬರೆದಿಟ್ಟುಕೊಳ್ಳಿ. ಬೋರ್ಡಿನ ವೇಳಾಪಟ್ಟಿಗಿಂತ ಅದು ನಂಬಿಕೆಗೆ ಯೋಗ್ಯ. ದಸರಾ ಹತ್ತು ದಿನ ಮಾತ್ರ ಬೈಕನ್ನು ಮನೆಯಲ್ಲೇ ಬಿಡಿ. ಆಗ ಬಸ್ಸಿನ ದಾರಿಯೂ ಬದಲಾಗುತ್ತದೆ, ಆದರೆ ಅದನ್ನು ನಿಭಾಯಿಸುವುದು ಡ್ರೈವರಿನ ಕೆಲಸ, ನಿಮ್ಮದಲ್ಲ.

ಪ್ರಶ್ನೆ: ಮಂಡ್ಯದಿಂದ ಮೈಸೂರಿಗೆ ನಾವು ನಾಲ್ವರು ಒಂದೇ ಕಾರಿನಲ್ಲಿ ಹೋಗೋಣ ಅಂತ ಮಾತಾಡಿದ್ದೇವೆ. ಕಾರಿನವರಿಗೆ ತಿಂಗಳಿಗೆ ಇಷ್ಟು ಅಂತ ಕೊಡೋದು. ಬಸ್ಸಿಗಿಂತ ಲಾಭವೇ? ಕಾನೂನಿನ ತೊಂದರೆ ಇದೆಯಾ?

ಉತ್ತರ: ಕಾರು ಲೀಟರಿಗೆ 15 ಕೊಟ್ಟರೆ 90 ಕಿ.ಮೀ.ಗೆ 6 ಲೀಟರ್, 618 ರೂಪಾಯಿ. ಹೆದ್ದಾರಿಯಲ್ಲಿ ಹೋದರೆ ಗಣಂಗೂರಿನಲ್ಲಿ ಟೋಲ್. ಖಾಸಗಿ ಕಾರುಗಳಿಗೆ 2025ರ ಆಗಸ್ಟ್ 15ರಂದು ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸಿನ ಆರಂಭದ ದರ 3,000 ರೂಪಾಯಿ: ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಹೆಸರು ವಾರ್ಷಿಕವಾದರೂ ದಿನಾ ಓಡಾಡುವವರಿಗೆ ಅದು ವರ್ಷ ಬರುವುದಿಲ್ಲ. ಟೋಲ್ ದಾಟುವ ಪ್ರತಿ ಸಲವೂ ಒಂದು ಎಣಿಕೆ, ಹೋಗಿ ಬಂದರೆ ಎರಡು. ತಿಂಗಳಿಗೆ 50, ನಾಲ್ಕೇ ತಿಂಗಳಿಗೆ ಪಾಸು ಖಾಲಿ. ಆದರೂ ಒಂದು ದಾಟಿಗೆ 15 ರೂಪಾಯಿ ಬೀಳುವುದರಿಂದ ಮತ್ತೆ ಮಾಡಿಸುವುದು ಲಾಭವೇ. ಪಾಸು ಗಾಡಿ ನಂಬರಿಗೆ ಕಟ್ಟಿದ್ದು, ಇನ್ನೊಬ್ಬರ ಕಾರಿಗೆ ನಡೆಯದು. ಟ್ಯಾಗನ್ನು ಗಾಜಿಗೆ ಅಂಟಿಸಿರಬೇಕು, ಕೈಯಲ್ಲಿ ಹಿಡಿದು ತೋರಿಸುವಂತಿಲ್ಲ. ಅಲ್ಲಿಗೆ ದಿನದ ಖರ್ಚು 648, ತಲೆಗೆ 162. ಇದರಲ್ಲಿ ಟೈರು, ಸರ್ವಿಸ್, ಇನ್ಶೂರೆನ್ಸ್ ಸೇರಿಲ್ಲ. ಅದನ್ನು ಕಾರಿನವರು ಒಬ್ಬರೇ ಹೊರಬೇಕಾಗುತ್ತದೆ, ಮೂರನೇ ತಿಂಗಳಿಗೆ ಮುಖ ಗಂಟಾಗುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. ಯಾರಾದರೊಬ್ಬರು ರಜೆ ಹಾಕಿದರೆ ಪಾಲು ಅದೇ 162 ಉಳಿಯುತ್ತದೋ, ಮೂವರಿಗೆ 216 ಆಗುತ್ತದೋ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

ಕಾನೂನಿಗೆ ಬಂದರೆ, ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆ ಪಡೆದು ಜನರನ್ನು ಒಯ್ಯುವುದು ಪರ್ಮಿಟ್ ಉಲ್ಲಂಘನೆ. ಖಾಸಗಿ ಕಾರಿನ ಪಾಲಿಸಿಯಲ್ಲೂ ಬಾಡಿಗೆಗೆ ಬಳಸುವಂತಿಲ್ಲ ಎಂಬ ಷರತ್ತಿರುತ್ತದೆ. ತಿಂಗಳಿಗೆ ಇಷ್ಟು ಅಂತ ಕೊಟ್ಟದ್ದು ಪೆಟ್ರೋಲಿನ ಪಾಲೋ ಬಾಡಿಗೆಯೋ ಎಂಬ ಜಗಳ ಅಪಘಾತವಾದಾಗ ಏಳುತ್ತದೆ, ಆಗ ನಿಮ್ಮ ಮಾತು ನಡೆಯದಿರಬಹುದು. ನಾಲ್ವರಿಗೂ ಕಾರಿದ್ದರೆ ವಾರಕ್ಕೊಬ್ಬರ ಕಾರು ತೆಗೆಯಿರಿ, ದುಡ್ಡಿನ ವ್ಯವಹಾರವೇ ಬೇಡ. ಇನ್ನೊಂದನ್ನು ನಾಳೆಯೇ ನೋಡಿ: ಕಾರಿನ ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿಯೋ, ಪೂರ್ತಿ ಪ್ಯಾಕೇಜೋ? ಬರೀ ಥರ್ಡ್ ಪಾರ್ಟಿ ಪಾಲಿಸಿ ಖಾಸಗಿ ಕಾರಿನೊಳಗೆ ಕೂತವರಿಗೆ ಸಾಮಾನ್ಯವಾಗಿ ರಕ್ಷಣೆ ಕೊಡುವುದಿಲ್ಲ. ಹಳೆಯ ಕಾರಿಗೆ ದುಡ್ಡು ಉಳಿಸಲೆಂದು ಬಹಳ ಜನ ಅದನ್ನೇ ಮಾಡಿಸಿರುತ್ತಾರೆ. ನಾಲ್ಕು ಮನೆಯ ದುಡಿಯುವವರು ಅಂಥ ಕಾರಿನಲ್ಲಿ ದಿನಾ ಹೋಗುವುದಕ್ಕಿಂತ ಬಸ್ಸು ಎಷ್ಟೋ ವಾಸಿ.

ಪ್ರಶ್ನೆ: ನಮ್ಮ ತಂದೆಗೆ 67. ಮಂಡ್ಯದಿಂದ ಮೈಸೂರಿನ ಆಸ್ಪತ್ರೆಗೆ ತಿಂಗಳಿಗೆರಡು ಸಲ ಹೋಗಬೇಕು. ಬಸ್ಸಿನಲ್ಲಿ ಅವರಿಗೆ ರಿಯಾಯಿತಿ ಇದೆಯಾ?

ಉತ್ತರ: 60 ತುಂಬಿದ ರಾಜ್ಯದ ನಿವಾಸಿಗಳಿಗೆ ಟಿಕೆಟ್ ದರದಲ್ಲಿ ಶೇ. 25 ರಿಯಾಯಿತಿ ಇದೆ. ವಯಸ್ಸು, ವಿಳಾಸ ಇರುವ ಗುರುತಿನ ಚೀಟಿಯನ್ನು ಟಿಕೆಟ್ ಹರಿಯುವ ಮೊದಲೇ ತೋರಿಸಲು ಹೇಳಿ, ಆಮೇಲೆ ತೋರಿಸಿದರೆ ಬದಲಿಸಿ ಕೊಡುವುದು ಕಷ್ಟ. ಬೆಳಗ್ಗೆ ಒಂಬತ್ತೂವರೆ ಮೇಲೆ ಆಫೀಸಿನವರ ರಶ್ ಇಳಿದಿರುತ್ತದೆ, ಆಸ್ಪತ್ರೆಯ ಟೈಮನ್ನು ಹನ್ನೊಂದರ ಮೇಲೆ ಕೇಳಿ ತಗೊಳ್ಳಿ. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾದ ದಿನ, ಕಣ್ಣಿಗೆ ಡ್ರಾಪ್ಸ್ ಹಾಕುವ ದಿನ ಮಾತ್ರ ಯಾರಾದರೂ ಕಾರಿನಲ್ಲಿ ಕರೆದುಕೊಂಡು ಹೋಗಿ. ಚಿಲ್ಲರೆಯದೂ ಒಂದು ಮಾತು. ದೊಡ್ಡ ನೋಟು ಕೊಟ್ಟರೆ ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಡುತ್ತಾರೆ, ಇಳಿಯುವ ಗಡಿಬಿಡಿಯಲ್ಲಿ ವಯಸ್ಸಾದವರು ಅದನ್ನು ಮರೆತೇ ಬಿಡುತ್ತಾರೆ. ಹತ್ತು ಇಪ್ಪತ್ತರ ನೋಟುಗಳನ್ನು ಜೇಬಿಗೆ ಹಾಕಿ ಕಳಿಸಿ. ಯುಪಿಐ ಬಳಸಿ ಗೊತ್ತಿದ್ದರೆ ಅದೂ ಆಯಿತು.

ಪ್ರಶ್ನೆ: ಬಸ್ಸಿಗೆ ಬದಲಾಗಿ ಮೂರು ತಿಂಗಳು. ಕಾರು ಮನೆ ಮುಂದೆ ನಿಂತಿದೆ. ಮಾರುವ ಮನಸ್ಸಿಲ್ಲ. ಕೆಡದ ಹಾಗೆ ಏನು ಮಾಡಬೇಕು? ಇನ್ಶೂರೆನ್ಸ್ ಈ ವರ್ಷ ಬಿಟ್ಟರೆ ನಡೆಯುತ್ತಾ?

ಉತ್ತರ: ಇನ್ಶೂರೆನ್ಸ್ ಬಿಡಬೇಡಿ. ರಸ್ತೆ ಬದಿಯಲ್ಲಿ ನಿಲ್ಲಿಸಿದ್ದರೂ ಅದು ಸಾರ್ವಜನಿಕ ಜಾಗವೇ. ಅದಲ್ಲದೆ ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಇಷ್ಟು ವರ್ಷ ಕ್ಲೇಮು ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಪೂರ್ತಿ ಹೋಗುತ್ತದೆ. ಓಡಿಸಿದ ಕಿ.ಮೀ.ಗೆ ತಕ್ಕ ಪ್ರೀಮಿಯಂ ಇರುವ ಪಾಲಿಸಿಗಳೂ 2022ರಿಂದ ಸಿಗುತ್ತಿವೆ, ನವೀಕರಿಸುವಾಗ ಕೇಳಿ. ಕಾರು ಕಡಿಮೆ ಓಡಿಸುವವರಿಗೆ ಹೇಳಿ ಮಾಡಿಸಿದ್ದು.

ಕಾರಿನ ಆರೈಕೆಗೆ ವಾರಕ್ಕೊಮ್ಮೆ 15–20 ಕಿ.ಮೀ. ಓಡಿಸಿ. ಮನೆ ಮುಂದೆಯೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಕಾರಿಗೆ ಒಳ್ಳೆಯದಲ್ಲ. ಸ್ಟಾರ್ಟ್ ಮಾಡಲು ಬ್ಯಾಟರಿ ಕಳೆದುಕೊಂಡಷ್ಟು ಚಾರ್ಜ್ ಆ ಐದು ನಿಮಿಷದಲ್ಲಿ ವಾಪಸು ತುಂಬುವುದಿಲ್ಲ, ಸೈಲೆನ್ಸರಿನೊಳಗೆ ಸೇರಿದ ನೀರಿನ ಅಂಶ ಒಣಗದೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಊರಿಗೆ ಹೋಗುವುದಾದರೆ, ಎರಡು ಮೂರು ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು 10 ನಂಬರ್ ಸ್ಪ್ಯಾನರಿನಿಂದ ಬಿಚ್ಚಿಡಿ. ಟೈರಿಗೆ ಮಾಮೂಲಿಗಿಂತ ನಾಲ್ಕೈದು ಪಾಯಿಂಟ್ ಹೆಚ್ಚು ಗಾಳಿ ಹಿಡಿಸಿ, ಹೊರಡುವ ಮುಂಚೆ ಇಳಿಸಿಕೊಳ್ಳಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಹಿಂದಿನ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಎರಡು ಕಡೆ ಕಲ್ಲು ಕೊಡಿ. ಇನ್ನು ಇಲಿ: ನಿಂತ ಕಾರಿನ ಬಾನೆಟ್ಟಿನೊಳಗೆ ಗೂಡು ಕಟ್ಟಿ ವೈರು ಕಡಿಯುವುದು ಗದ್ದೆ ಬಯಲಿಗೆ ಹತ್ತಿರವಿರುವ ಮನೆಗಳಲ್ಲಿ ಮಾಮೂಲು. ಒಳಗೆ ತಿಂಡಿಯ ಚೂರು ಬಿಡಬೇಡಿ, ರಾತ್ರಿ ಬಾನೆಟ್ ತೆರೆದಿಟ್ಟರೆ ಕತ್ತಲೆ, ಬೆಚ್ಚಗೆ ಎರಡೂ ಸಿಗದೆ ಅವು ಅತ್ತ ಬರುವುದು ಕಡಿಮೆ. ಕಾಂಪೌಂಡ್ ಒಳಗಿದ್ದರೆ ಮಾತ್ರ ಹೀಗೆ ಮಾಡಿ. ರಸ್ತೆಯಲ್ಲಿ ತೆರೆದಿಟ್ಟರೆ ಬೆಳಗ್ಗೆ ಬ್ಯಾಟರಿಯೇ ಇರುವುದಿಲ್ಲ.